ಚೀಟಿ ಅಂಟಿಸಿದ ಬೋನ್ಸಾಯ್

ಯಲಹಂಕ ದಾಟಿ ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಸಿಂಗನಾಯಕನಹಳ್ಳಿ ಕಳೆದ ಮೇಲೆ ರಾಜಾನುಕುಂಟೆ ಬರುತ್ತದೆ. ಒಂದು ಕಾಲಕ್ಕೆ ರೈಲು ನಿಲ್ದಾಣ, ನಾಲ್ಕು ಅಂಗಡಿ, ಸುತ್ತಲೂ ರಾಗಿ ಹೊಲ ಎಂದಿದ್ದ ಊರು. ಈಗ ಅಪಾರ್ಟ್‌ಮೆಂಟುಗಳು, ಕಾಲೇಜುಗಳು, ಅವುಗಳ ನಡುನಡುವೆ ಹಸಿರು ಬಲೆ ಹೊದ್ದ ನರ್ಸರಿಗಳು. ಪಶ್ಚಿಮಕ್ಕೆ ಕೆಲವೇ ಮೈಲಿ ಹೋದರೆ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವುದರಿಂದಲೋ ಏನೋ, ಈ ಭಾಗದವರಿಗೆ ಸಸಿಯ ವ್ಯಾಪಾರ ಹೊಸದಲ್ಲ.

2021ರ ಕೊನೆಯಲ್ಲಿ, ಕೊರೊನಾ ಸ್ವಲ್ಪ ಸಡಿಲಗೊಂಡು ಜನ ಮನೆಯ ಬಾಲ್ಕನಿಗಳನ್ನೆಲ್ಲ ತೋಟ ಮಾಡತೊಡಗಿದ್ದ ದಿನಗಳಲ್ಲಿ, ನಾವು ಅಲ್ಲಿನ ಒಂದು ನರ್ಸರಿಗೆ ಹೋಗಿದ್ದೆವು. ತಂಗಿಯ ಮಗಳ ಹೊಸ ಮನೆಗೆ ಏನಾದರೂ ಕೊಡಬೇಕಿತ್ತು. ಗೋಡೆ ಗಡಿಯಾರ ಬೇಡ, ಡಿನ್ನರ್ ಸೆಟ್ಟೂ ಬೇಡ ಎಂದು ನಮ್ಮ ಮನೆಯವರು ಮೊದಲೇ ತಾಕೀತು ಮಾಡಿದ್ದರು. ನರ್ಸರಿಯ ಮುಂಭಾಗದಲ್ಲಿ ಹಲಗೆಗಳ ಮೇಲೆ ಸಾಲುಸಾಲಾಗಿ ಕುಳ್ಳ ಮರಗಳು. ಎಲ್ಲಕ್ಕೂ ದಪ್ಪ ಹೊಟ್ಟೆ, ಮೇಲೆ ಪುಟ್ಟ ಹಸಿರು ಟೋಪಿ, ಬಿಳಿ ಪಿಂಗಾಣಿ ಕುಂಡ. ಪ್ರತಿಯೊಂದರ ಕೊರಳಿಗೂ ಒಂದು ಚೀಟಿ: ‘ಬೋನ್ಸಾಯ್, 12 ವರ್ಷ’. ಬೆಲೆ ಆರುನೂರು ರೂಪಾಯಿ. ಹನ್ನೆರಡು ವರ್ಷ ಸಾಕಿದ ಮರ ಆರುನೂರಕ್ಕೆ! ವರ್ಷಕ್ಕೆ ಐವತ್ತು ರೂಪಾಯಿ ಬಿತ್ತು ಎಂದು ಲೆಕ್ಕ ಹಾಕಿ, ಅಗ್ಗವಾಯಿತೆಂದು ಹಿಗ್ಗಿ, ಎರಡು ಕೊಂಡೆವು. ಒಂದು ಮಗುವಿನ ಹೊಸ ಮನೆಗೆ, ಇನ್ನೊಂದು ನಮಗೆ.

ಆರ್.ಟಿ. ನಗರದಲ್ಲಿ ನಮಗೊಬ್ಬ ಹಿರಿಯ ಸ್ನೇಹಿತರಿದ್ದಾರೆ. ಮೂವತ್ತು ವರ್ಷದಿಂದ ತಾರಸಿಯ ಮೇಲೆ ಬೋನ್ಸಾಯ್ ಸಾಕಿದವರು. ನಮ್ಮ ಕೈಯಲ್ಲಿದ್ದುದನ್ನು ನೋಡಿ ಅವರು ನಕ್ಕ ನಗೆಯಲ್ಲಿ ಕರುಣೆಯೂ ಇತ್ತು. ‘ಮಿಯಾಂ, ಇದು ಬೋನ್ಸಾಯ್ ಅಲ್ಲ. ಕುಂಡದಲ್ಲಿಟ್ಟ ಮೂಲಂಗಿ’ ಎಂದರು. ಮಾಲ್‌ಗಳಲ್ಲಿ ಮಾರುವ ಇಂಥವಕ್ಕೆ ಹೊರದೇಶದ ಬೋನ್ಸಾಯ್ ಪ್ರಿಯರು ‘ಮಾಲ್‌ಸಾಯ್’ ಎಂದು ಅಡ್ಡಹೆಸರು ಇಟ್ಟಿದ್ದಾರಂತೆ. ನಮಗೆ ಅವಮಾನವಾಯಿತು. ಆದರೆ ಅವಮಾನವಾದ ಮಾತ್ರಕ್ಕೆ ಅವರ ಮಾತು ಸುಳ್ಳಾಗುವುದಿಲ್ಲ, ಸತ್ಯವೂ ಆಗುವುದಿಲ್ಲ. ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಬೆಳೆಸಿ ಮಾರುವ ಈ ಅಗ್ಗದ ಮರ ಬೋನ್ಸಾಯ್ ಹೌದೇ, ಅಲ್ಲವೇ?

ಮೊದಲು ವಸ್ತುವನ್ನು ನೋಡೋಣ. ಕಥೆಯನ್ನು ಓದದೆ ವಿಮರ್ಶೆ ಬರೆಯುವ ಚಾಳಿ ನಮ್ಮಲ್ಲಿ ಸಾಕಷ್ಟಿದೆ. ಮರದ ವಿಷಯದಲ್ಲಾದರೂ ಅದು ಬೇಡ.

ಈ ದಪ್ಪ ಹೊಟ್ಟೆಯ ಗಿಡ ಆಲ, ಅರಳಿ, ಅತ್ತಿಗಳ ಬಳಗದ್ದು. ಸಸ್ಯಶಾಸ್ತ್ರದಲ್ಲಿ ಫೈಕಸ್ ಮೈಕ್ರೋಕಾರ್ಪ. ನಮ್ಮ ದೇಶದಲ್ಲೂ ಸಹಜವಾಗಿ ಬೆಳೆಯುವ ಸಣ್ಣೆಲೆಯ ಮರವೇ ಇದು. ಆದರೆ ವ್ಯಾಪಾರದ ಈ ರೂಪ ಬಂದಿರುವುದು ದಕ್ಷಿಣ ಚೀನಾ ಮತ್ತು ತೈವಾನಿನ ತೋಟಗಳಿಂದ. ಕಡ್ಡಿ ನೆಡದೆ ಬೀಜದಿಂದಲೇ ಸಸಿ ಎಬ್ಬಿಸುತ್ತಾರೆ. ಹಾಗೆ ಎದ್ದ ಸಸಿಯ ಬುಡ ಮತ್ತು ಬೇರು ಗೆಣಸಿನಂತೆ ಊದಿಕೊಳ್ಳುತ್ತವೆ. ಕೆಲವು ವರ್ಷ ನೆಲದಲ್ಲಿ ಬೆಳೆಸಿ, ಕಿತ್ತು, ತೊಳೆದು, ಊದಿದ ಬೇರು ಮಣ್ಣಿನ ಮೇಲೆ ಕಾಣುವಂತೆ ಎತ್ತಿ ನೆಡುತ್ತಾರೆ. ಜಿನ್ಸೆಂಗ್ ಎಂಬ ಔಷಧೀಯ ಬೇರಿನ ಹಾಗೆ ಕಾಣುವುದರಿಂದ ಅದೇ ಹೆಸರು ಬಿದ್ದಿದೆ. ಆಮೇಲೆ ತಲೆಯನ್ನು ಕತ್ತರಿಸಿ, ಇನ್ನೂ ಚಿಕ್ಕ ಎಲೆಯ, ದಟ್ಟವಾಗಿ ಬೆಳೆಯುವ ತಳಿಯ ಕುಡಿಯನ್ನು ಕಸಿ ಕಟ್ಟುತ್ತಾರೆ. ಅಂದರೆ ನಾವು ಕಾಂಡವೆಂದು ಮೆಚ್ಚಿಕೊಳ್ಳುವುದು ಬಹುಪಾಲು ಬೇರು, ಕೊಂಬೆಯೆಂದು ಮೆಚ್ಚಿಕೊಳ್ಳುವುದು ಬೇರೆ ಗಿಡದ ಕುಡಿ. ಕಸಿಯ ಜಾಗದಲ್ಲಿ ತೊಗಟೆಯ ಬಣ್ಣ ಬದಲಾಗುವುದನ್ನು ಒಮ್ಮೆ ಗುರುತಿಸಿದರೆ ಮತ್ತೆ ಕಣ್ಣು ಅಲ್ಲಿಗೇ ಹೋಗುತ್ತದೆ. ಇದರದೇ ಇನ್ನೊಂದು ಅವತಾರವಿದೆ. ಎಳೆಯ ಕಾಂಡವನ್ನು ಹಾವಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿಸಿ ಬೆಳೆಸಿದ್ದು. ನೂರು ಗಿಡ ಪಕ್ಕಪಕ್ಕ ಇಟ್ಟರೆ ನೂರೂ ಒಂದೇ ಕಡೆಗೆ ಸೊಂಟ ತಿರುಗಿಸಿರುತ್ತವೆ.

ಇವು ತೆಂಗಿನ ನಾರಿನ ಪುಡಿಯಲ್ಲಿ ಬೇರೂರಿ ನರ್ಸರಿಗಳಿಗೆ ಬರುತ್ತವೆ. ಇಲ್ಲಿ ಮಾಡುವ ಕೆಲಸ ಕಡಿಮೆ. ಕುಂಡ ಬದಲಿಸುವುದು, ಬೆಳೆದ ಕುಡಿ ಕತ್ತರಿಸುವುದು, ಚೀಟಿ ಕಟ್ಟುವುದು. ನಾವು ಕೊಂಡ ಕುಂಡಗಳ ಮೇಲ್ಭಾಗದಲ್ಲಿ ಚೆಂದದ ಬಿಳಿ ಕಲ್ಲುಗಳಿದ್ದವು. ಒಂದನ್ನು ಎತ್ತಲು ಹೋದರೆ ಇಡೀ ಪದರವೇ ಒಂದು ತಟ್ಟೆಯಂತೆ ಅಲುಗಿತು. ಗಮ್ ಹಾಕಿ ಅಂಟಿಸಿದ್ದರು. ಸಾಗಿಸುವಾಗ ಕಲ್ಲು ಚೆಲ್ಲಬಾರದೆಂಬ ಉಪಾಯ. ನೀರು ಹಾಕಿದರೆ ಕಲ್ಲಿನ ಮೇಲೆ ಹರಿದು ಅಂಚಿನಿಂದ ಇಳಿದುಹೋಗುತ್ತದೆ, ನಡುವಿನ ಬೇರು ಒಣಗುತ್ತದೆ. ಇಲ್ಲವೇ ಒಳಗಿಳಿದ ನೀರು ಹೊರಬರಲಾರದೆ ಬೇರು ಕೊಳೆಯುತ್ತದೆ. ಎರಡರಲ್ಲಿ ಯಾವುದು ಎಂಬುದು ಮನೆಯವರ ಕೈಗುಣ.

ಇನ್ನು ಬೋನ್ಸಾಯ್ ಎಂದರೇನು? ಜಪಾನಿ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆ, ‘ಸಾಯ್’ ಎಂದರೆ ನೆಟ್ಟದ್ದು. ತಟ್ಟೆಯಲ್ಲಿ ನೆಟ್ಟದ್ದು, ಅಷ್ಟೇ. ಚೀನಾದಿಂದ ಜಪಾನಿಗೆ ಹೋದ ಕಲೆ. ಬರೀ ಪದದ ಅರ್ಥ ಹಿಡಿದರೆ ನಮ್ಮ ಆರುನೂರು ರೂಪಾಯಿಯ ಗಿಡವೂ ಬೋನ್ಸಾಯೇ, ಕಿಟಕಿಯ ಬಳಿಯ ಪುದೀನವೂ ಬೋನ್ಸಾಯೇ. ಆದರೆ ಪದಾರ್ಥದಿಂದ ಕಲೆಯನ್ನು ಅಳೆಯಲಾಗದು. ‘ಗಜಲ್’ ಎಂದರೆ ಹೆಂಗಸರೊಡನೆ ಮಾತುಕತೆ ಎಂದು ನಿಘಂಟು ಹೇಳುತ್ತದೆ. ಹಾಗೆ ಮಾತಾಡಿದವರೆಲ್ಲ ಗಜಲ್‌ಕಾರರಾಗಲಿಲ್ಲ.

ಬೋನ್ಸಾಯ್ ಬಲ್ಲವರು ಮರದಲ್ಲಿ ನೋಡುವುದು ಎತ್ತರವನ್ನಲ್ಲ. ಬೊಡ್ಡೆಯಿಂದ ಬೇರುಗಳು ನಾಲ್ಕು ದಿಕ್ಕಿಗೂ ಹರಡಿ ನೆಲವನ್ನು ಹಿಡಿದಿವೆಯೇ, ಕಾಂಡ ಮೇಲೇರಿದಂತೆ ಸಹಜವಾಗಿ ಸಣ್ಣಗಾಗುತ್ತದೆಯೇ, ಕೊಂಬೆ ಒಡೆದು ರೆಂಬೆಯಾಗಿ, ರೆಂಬೆ ಒಡೆದು ಕಡ್ಡಿಯಾಗಿ, ಪ್ರತಿ ಹಂತದಲ್ಲೂ ತೆಳುವಾಗುತ್ತಾ ಹೋಗಿದೆಯೇ ಎಂದು ನೋಡುತ್ತಾರೆ. ಹೀಗೆ ಒಡೆಯಬೇಕಾದರೆ ಪ್ರತಿ ಸಲ ಚಿಗುರಿದಾಗ ಕತ್ತರಿಸಿ, ಮತ್ತೆ ಚಿಗುರಲು ಕಾಯಬೇಕು. ಈ ಕಾಯುವಿಕೆಗೆ ಅಡ್ಡದಾರಿ ಇಲ್ಲ. ಕಾಂಡವನ್ನು ಹೊಲದಲ್ಲಿ ಬೇಗ ದಪ್ಪ ಮಾಡಬಹುದು, ಕೊಂಬೆಯನ್ನು ತಂತಿ ಸುತ್ತಿ ಒಂದು ಮಧ್ಯಾಹ್ನದಲ್ಲಿ ಬಗ್ಗಿಸಬಹುದು. ರೆಂಬೆಯ ಮೇಲೆ ರೆಂಬೆ ಮೂಡಿಸಲು ಮಾತ್ರ ವರ್ಷಗಳೇ ಬೇಕು.

ಎಲ್ಲಕ್ಕಿಂತ ಮೇಲಾಗಿ, ಆ ಪುಟ್ಟ ಮರ ಯಾವುದೋ ಒಂದು ದೊಡ್ಡ ಮರದ ನೆನಪು ತರಬೇಕು. ನಮ್ಮ ಜನಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ರಾಮೋಹಳ್ಳಿಯ ಬಳಿ ಕೇತೋಹಳ್ಳಿಯ ದೊಡ್ಡ ಆಲದ ಮರವಿದೆ. ಸುಮಾರು ನಾಲ್ಕು ನೂರು ವರ್ಷದ್ದೆನ್ನುತ್ತಾರೆ. ಮೂರು ಎಕರೆ ಹರಡಿದೆ. ಮೂಲ ಬೊಡ್ಡೆ ರೋಗಕ್ಕೆ ಸಿಕ್ಕಿ ಇಲ್ಲವಾದರೂ ಬಿಳಲುಗಳೇ ಬೊಡ್ಡೆಗಳಾಗಿ ಮರ ನಿಂತಿದೆ. ರಾಜಾನುಕುಂಟೆಯಿಂದ ಪೂರ್ವಕ್ಕೆ, ದೇವನಹಳ್ಳಿಯ ಬಳಿ ನಲ್ಲೂರಿನ ಹುಣಸೆ ತೋಪಿದೆ. ಐವತ್ತನಾಲ್ಕು ಎಕರೆಯ ಆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲೇ ಮೊದಲನೆಯದು. ಅಲ್ಲಿನ ಹುಣಸೆಗಳ ಕಾಂಡ ಟೊಳ್ಳಾಗಿ, ಸೀಳಿ, ತಿರುಚಿಕೊಂಡು, ನೆಲಕ್ಕೆ ಒರಗಿದ ಕೊಂಬೆಯಿಂದ ಮತ್ತೆ ಮರವೆದ್ದು ನಿಂತಿರುವುದನ್ನು ಕಂಡವರಿಗೆ ಹುಣಸೆಯ ಬೋನ್ಸಾಯ್ ಹೇಗಿರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಈ ಕಣ್ಣಿನಿಂದ ನಮ್ಮ ಗಿಡವನ್ನು ನೋಡಿದರೆ ಸ್ನೇಹಿತರ ತೀರ್ಪನ್ನು ಒಪ್ಪಲೇಬೇಕು. ಅದು ಯಾವ ಮರದ ನೆನಪನ್ನೂ ತರುವುದಿಲ್ಲ. ಆಲದ ಬೊಡ್ಡೆ ಹೀಗೆ ಗುಡಾಣದಂತಿರುವುದಿಲ್ಲ. ದಪ್ಪ ಕಾಂಡ ಮೊಟಕಾಗಿ ನಿಂತಲ್ಲಿಂದ ಪೆನ್ಸಿಲ್ ಗಾತ್ರದ ನಾಲ್ಕು ಕಡ್ಡಿ ಎದ್ದು ಎಲೆಯ ಗೊಂಚಲಾಗಿವೆ. ನಡುವೆ ಕೊಂಬೆಯೆಂಬುದೇ ಇಲ್ಲ. ಪೀಠಿಕೆಯಾದ ಮೇಲೆ ನೇರ ಮುಕ್ತಾಯಕ್ಕೆ ಬಂದ ಕಥೆಯಂತೆ. ಚಿಕ್ಕದಾದ ಮಾತ್ರಕ್ಕೆ ಕಲೆಯಾಗುವುದಿಲ್ಲ ಎಂಬುದು ಕಥೆ ಬರೆಯುವವರಿಗೆ ಗೊತ್ತಿರಬೇಕಾದ ಮಾತು. ಮಂಟೋ 1948ರಲ್ಲಿ ‘ಸಿಯಾಹ್ ಹಾಶಿಯೇ’ ಎಂದು ದೇಶವಿಭಜನೆಯ ಕಿರುಗಥೆಗಳ ಸಂಕಲನ ತಂದರು. ಕೆಲವು ಎರಡು ಮೂರು ಸಾಲಿನವು. ಅವನ್ನು ಓದಿ ಉರ್ದುವಿನಲ್ಲೂ ಕನ್ನಡದಲ್ಲೂ ಎಷ್ಟು ಜನ ಎರಡು ಸಾಲಿನ ಕಥೆ ಬರೆದರು! ಮಂಟೋ ಬಿಟ್ಟದ್ದು ಓದುಗರ ಎದೆಯಲ್ಲಿ ಬೆಳೆಯುತ್ತದೆ. ಉಳಿದವರು ಬಿಟ್ಟದ್ದು ಬರೀ ಬಿಟ್ಟದ್ದು. ಅಂಥವರ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ, ಅದಿರಲಿ.

ಹಾಗಾದರೆ ಪ್ರಶ್ನೆ ಮುಗಿಯಿತೇ? ಸ್ನೇಹಿತರ ಪ್ರಕಾರ ಮುಗಿಯಿತು. ನಮ್ಮ ತಕರಾರು ಶುರುವಾಗುವುದು ಇಲ್ಲಿಂದಲೇ.

ಅಗ್ಗದ, ರಾಶಿ ರಾಶಿ ಬೆಳೆದ ಗಿಡ ‘ಅಸಲಿ’ ಪರಂಪರೆಗೆ ಸೇರಿದ್ದಲ್ಲ ಎನ್ನುವವರು ಜಪಾನನ್ನೇ ಸರಿಯಾಗಿ ನೋಡಿದಂತಿಲ್ಲ. ಕಾಗಾವಾ ಪ್ರಾಂತದ ತಕಾಮತ್ಸು ನಗರದಲ್ಲಿ ಕಿನಾಶಿ, ಕೊಕುಬುಂಜಿ ಎಂಬ ಎರಡು ಪ್ರದೇಶಗಳಿವೆ. ಜಪಾನಿನ ಪೈನ್ ಬೋನ್ಸಾಯ್‌ಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಅಲ್ಲಿಯವು. ಅಲ್ಲಿ ಪೈನ್ ಮರಗಳನ್ನು ನಮ್ಮ ರೈತರು ಬದನೆ ನೆಟ್ಟಂತೆ ಹೊಲದಲ್ಲಿ ಸಾಲಾಗಿ ನೆಡುತ್ತಾರೆ, ಸಾಲಾಗಿ ತಂತಿ ಸುತ್ತುತ್ತಾರೆ, ಸಾಲಾಗಿ ಕೀಳುತ್ತಾರೆ. ಆ ಗಿಡಗಳನ್ನು ಕೊಂಡು ಹೋದವರು ಇಪ್ಪತ್ತು, ಮೂವತ್ತು ವರ್ಷ ಕೆಲಸ ಮಾಡಿ ಪ್ರದರ್ಶನಕ್ಕೆ ಇಡುತ್ತಾರೆ. ಅಲ್ಲಿ ‘ಇದು ಹೊಲದಲ್ಲಿ ಬೆಳೆದದ್ದು, ಬೋನ್ಸಾಯ್ ಅಲ್ಲ’ ಎಂದು ಯಾರೂ ಮೂಗು ಮುರಿಯುವುದಿಲ್ಲ. ರಾಶಿ ಉತ್ಪಾದನೆ ಆ ಕಲೆಯ ಶತ್ರುವಲ್ಲ, ಅದರ ಕೊಟ್ಟಿಗೆ.

ನಾವು ಓದಿದ ಉರ್ದು ಶಾಲೆಯ ದಿನಗಳ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ತರಹೀ ಮುಶಾಯಿರಾ ಎಂಬ ಪದ್ಧತಿಯಿದೆ. ಕನ್ನಡದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಸಭೆಗೆ ಕೆಲವು ದಿನ ಮೊದಲೇ ಎಲ್ಲ ಕವಿಗಳಿಗೂ ಒಂದೇ ಸಾಲನ್ನು ಕೊಡಲಾಗುತ್ತದೆ. ಅದೇ ಮಿಸ್ರಾ-ಎ-ತರಹ್. ಆ ಸಾಲಿನ ಛಂದಸ್ಸು, ಪ್ರಾಸ, ರದೀಫನ್ನು ಹಿಡಿದು ಎಲ್ಲರೂ ತಂತಮ್ಮ ಗಜಲ್ ಬರೆದು ತರಬೇಕು. ಕೊಟ್ಟ ಸಾಲಿಗೇ ತನ್ನದೊಂದು ಸಾಲು ಜೋಡಿಸಿ ದ್ವಿಪದಿ ಮಾಡುವುದಕ್ಕೆ ಗಿರಹ್ ಹಾಕುವುದು ಎನ್ನುತ್ತಾರೆ. ಗಿರಹ್ ಎಂದರೆ ಗಂಟು. ಗಂಟು ಕಾಣದಂತೆ ಬಿದ್ದರೆ ಸಭೆ ವಾಹ್ ಎನ್ನುತ್ತದೆ. ಸಾಲು ಎಲ್ಲರಿಗೂ ಒಂದೇ, ಅದೂ ಇನ್ನೊಬ್ಬರದು, ಅದೂ ಪುಕ್ಕಟೆ. ಹಾಗೆಂದು ಅಲ್ಲಿ ಹುಟ್ಟಿದ ಗಜಲನ್ನು ನಕಲಿ ಎಂದವರಿಲ್ಲ. ಆದರೆ ಕೊಟ್ಟ ಸಾಲನ್ನೇ ಓದಿ, ಇದೇ ನಮ್ಮ ಗಜಲ್ ಎಂದು ಕೂತರೆ ಜನ ಸುಮ್ಮನಿರುವುದಿಲ್ಲ.

ರಾಜಾನುಕುಂಟೆಯ ಹಲಗೆಯ ಮೇಲಿನ ಗಿಡ ಇಂಥ ಮಿಸ್ರಾ. ಅದು ಬೋನ್ಸಾಯ್ ಅಲ್ಲ. ಆದರೆ ಅಗ್ಗದ್ದಾದ್ದರಿಂದ ಅಲ್ಲ, ಯಂತ್ರದಂತೆ ಬೆಳೆಸಿದ್ದರಿಂದ ಅಲ್ಲ, ಚೀನಾದಿಂದ ಬಂದಿದ್ದರಿಂದಂತೂ ಖಂಡಿತ ಅಲ್ಲ. ಅದರ ಮುಂದೆ ಇನ್ನೂ ಯಾರೂ ಕೂತಿಲ್ಲ, ಅದಕ್ಕೆ. ಇದು ನಮಗೂ ಸ್ನೇಹಿತರಿಗೂ ಇರುವ ವ್ಯತ್ಯಾಸ. ಅವರು ಗಿಡದ ಕುಲ ಕೇಳುತ್ತಾರೆ. ನಮ್ಮ ದೇಶದಲ್ಲಿ ಕುಲ ಕೇಳುವ ಅಭ್ಯಾಸ ಮನುಷ್ಯರಿಗೆ ಮಾಡಿದ್ದು ಸಾಲದೆಂದು ಮರಗಳಿಗೂ ಹಬ್ಬಿಸುವುದು ಬೇಡ.

ಈ ಕುಲದ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳ ಸಂದರ್ಭದಲ್ಲಿ ಬೋನ್ಸಾಯ್‌ಗಳನ್ನೂ ಇಕೆಬಾನವನ್ನೂ ಇಡುತ್ತಾರೆ. ನಾವು ವರ್ಷಗಳಿಂದ ನೋಡುತ್ತಾ ಬಂದಿದ್ದೇವೆ. ಒಳ್ಳೆಯ ಮರಗಳಿರುತ್ತವೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಬೋನ್ಸಾಯ್ ತೋಟದಲ್ಲೂ ಇವೆ. ಆದರೆ ಇಂಥ ಮರಗಳ ಪಕ್ಕದ ಕಾರ್ಡುಗಳಲ್ಲಿ ಇರುವುದು ಸಾಮಾನ್ಯವಾಗಿ ಮಾಲೀಕರ ಹೆಸರು. ದಿನಾ ನೀರು ಹಾಕಿದ, ಮುಂಗಾರಿಗೆ ಮೊದಲು ಬೇರು ಸವರಿ ಮಣ್ಣು ಬದಲಿಸಿದ, ತಂತಿ ಕಚ್ಚುವ ಮೊದಲೇ ಬಿಚ್ಚಿದ ಮಾಲಿಯ ಹೆಸರು ಎಲ್ಲಿ? ಹೈದರಲಿ 1760ರಲ್ಲಿ ಲಾಲ್‌ಬಾಗ್ ಆರಂಭಿಸಿದ, ಟಿಪ್ಪು ದೇಶವಿದೇಶದ ಗಿಡ ತರಿಸಿದ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆ ಗಿಡಗಳನ್ನು ಬದುಕಿಸಿದ್ದು ತಿಗಳ ಸಮುದಾಯದ ತೋಟಗಾರರ ಕೈ. ಕರಗ ಹೊರುವ ಅದೇ ತಿಗಳರು. ಅವರ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬಂದೇ ಮುಂದೆ ಹೋಗುವುದನ್ನು ಈ ಊರು ಇಂದಿಗೂ ನೋಡುತ್ತದೆ. ತೋಟದ ಚರಿತ್ರೆಯಲ್ಲಿ ದೊರೆಯ ಹೆಸರು ಉಳಿಯಿತು, ಗುದ್ದಲಿ ಹಿಡಿದವರ ಹೆಸರು ಉಳಿಯಲಿಲ್ಲ.

ಜಪಾನಿನ ಒಮಿಯಾ ಬೋನ್ಸಾಯ್ ಗ್ರಾಮ 1925ರಲ್ಲಿ ಹುಟ್ಟಿತು. 1923ರ ಭೂಕಂಪದಲ್ಲಿ ಟೋಕಿಯೋದಲ್ಲಿ ನೆಲೆ ಕಳೆದುಕೊಂಡ ಕಸುಬುದಾರರು ಕಟ್ಟಿಕೊಂಡ ಊರು. ಅಲ್ಲಿ ನೆಲೆಸುವವರು ಪಾಲಿಸಬೇಕಾದ ಕರಾರುಗಳಿದ್ದವು: ಮನೆಯಲ್ಲಿ ಹತ್ತು ಬೋನ್ಸಾಯ್ ಆದರೂ ಇರಬೇಕು, ಎರಡಂತಸ್ತು ಕಟ್ಟಬಾರದು, ಬೇಲಿ ಗಿಡದ ಬೇಲಿಯಾಗಿರಬೇಕು, ಗೇಟು ಎಲ್ಲರಿಗೂ ತೆರೆದಿರಬೇಕು. ಈ ಕೊನೆಯ ಕರಾರು ನಮಗೆ ಬಹಳ ಹಿಡಿಸಿತು. ನಮ್ಮ ಬೋನ್ಸಾಯ್ ಪ್ರಿಯರಲ್ಲಿ ಬಹಳ ಜನ ಮೊದಲ ಮೂರನ್ನು ಬೇಕಾದರೂ ಪಾಲಿಸಿಯಾರು.

ಇಷ್ಟು ಹೇಳಿ ವ್ಯಾಪಾರಿಯನ್ನು ಸುಮ್ಮನೆ ಬಿಟ್ಟರೆ ಅನ್ಯಾಯವಾಗುತ್ತದೆ. ಗಿಡದಲ್ಲಿ ದೋಷವಿಲ್ಲ, ಚೀಟಿಯಲ್ಲಿದೆ. ‘ಬೋನ್ಸಾಯ್, 12 ವರ್ಷ’ ಎಂಬುದರಲ್ಲಿ ಹನ್ನೆರಡು ಎಲ್ಲಿಂದ ಬಂತು? ಎಲ್ಲ ಗಿಡಕ್ಕೂ ಒಂದೇ ವಯಸ್ಸು ಹೇಗೆ? ಕೇಳಿದರೆ ಗಲ್ಲಾದಲ್ಲಿ ಕೂತವರು, ಜನ ಕೇಳ್ತಾರೆ ಸಾರ್, ಅದಕ್ಕೆ ಬರೀತೀವಿ ಎಂದರು. ಪ್ರಾಮಾಣಿಕ ಉತ್ತರ. ಆದರೆ ಒಬ್ಬ ಹುಡುಗಿ ತನ್ನ ಮೊದಲ ಸಂಬಳದಲ್ಲಿ ಅದನ್ನು ಕೊಂಡು, ಮನೆಯ ಒಳಗೆ ಟಿ.ವಿ. ಪಕ್ಕ ಇಟ್ಟು, ಕಲ್ಲಿನ ಮೇಲೆ ನೀರು ಹಾಕಿ, ಎರಡು ತಿಂಗಳಿಗೆ ಎಲೆ ಉದುರಿದಾಗ, ಹನ್ನೆರಡು ವರ್ಷ ಬದುಕಿದ್ದ ಮರವನ್ನು ತಾನು ಕೊಂದೆ ಎಂದುಕೊಳ್ಳುತ್ತಾಳೆ. ಮತ್ತೆ ಎಂದೂ ಗಿಡದ ತಂಟೆಗೆ ಹೋಗುವುದಿಲ್ಲ. ನಮ್ಮ ತಂಗಿಯ ಮಗಳಿಗೆ ಆದದ್ದು ಇದೇ. ಫೋನಿನಲ್ಲಿ ಅಳುತ್ತಾ, ‘ಮಾಮೂ, ನನ್ನ ಕೈಯೇ ಸರಿ ಇಲ್ಲ’ ಎಂದಿದ್ದಳು. ಅವಳ ಕೈ ಸರಿಯಾಗಿಯೇ ಇತ್ತು. ಗಿಡಕ್ಕೆ ಬಿಸಿಲು ಬೇಕು, ಕಲ್ಲು ತೆಗೆಯಬೇಕು ಎಂಬ ಎರಡು ಮಾತು ಆ ಚೀಟಿಯಲ್ಲಿ ಇರಲಿಲ್ಲ, ಅಷ್ಟೇ.

ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ಹತ್ತಿದ ಪ್ರಸಂಗ ನಮ್ಮ ಓದುಗರಿಗೆ ಗೊತ್ತಿದೆ. ಮಳೆಗೆ ನೆನೆದ ಕಾಳು ಅಡಿಗೆ, ಒಣಗಿದ್ದು ಮೇಲಕ್ಕೆ. ನೆನೆದದ್ದು ತಪ್ಪಲ್ಲ, ಮಳೆ ಯಾರ ಕೈಯಲ್ಲೂ ಇಲ್ಲ. ಅದನ್ನು ಕೊಳ್ಳುವವರ ಕಣ್ಣಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂಬುದು ಅಲ್ಲಿಯ ಆಕ್ಷೇಪ. ಗಮ್ ಹಾಕಿದ ಬಿಳಿ ಕಲ್ಲನ್ನು ಕಿತ್ತಾಗ ಒಳಗಿನ ಕೊಳೆತ ಬೇರು ಕೈಗೆ ಹತ್ತಿದ ಕ್ಷಣದಲ್ಲಿ ನಮಗೆ ಆ ರಾಶಿಯೇ ಕಣ್ಣ ಮುಂದೆ ಬಂತು. ಅದೇ ಚೀಟಿಯಲ್ಲಿ ‘ಬೋನ್ಸಾಯ್ ಮಾಡಲು ತಕ್ಕ ಗಿಡ, ಬಿಸಿಲಿನಲ್ಲಿಡಿ’ ಎಂದು ಬರೆದಿದ್ದರೆ ವ್ಯಾಪಾರಕ್ಕೆ ಎಷ್ಟು ನಷ್ಟವಾಗುತ್ತಿತ್ತು?

ಇಡೀ ಬೋನ್ಸಾಯೇ ಹಿಂಸೆ, ಸೃಷ್ಟಿಯನ್ನು ತಿದ್ದುವ ಅಹಂಕಾರ ಎನ್ನುವವರೂ ಇದ್ದಾರೆ. ನಮ್ಮ ಮಸೀದಿಯ ಹಿರಿಯರೊಬ್ಬರು ಹಾಗೆಂದರು. ಪಕ್ಕದ ಮನೆಯ ವಾಸ್ತು ನಂಬುವವರು, ಕುಬ್ಜ ಮರ ಇಟ್ಟರೆ ಮನೆಯ ಏಳಿಗೆ ಕುಂಠಿತವಾಗುತ್ತದೆ ಎಂದರು. ಹೀಗೆ ಎರಡೂ ಧರ್ಮದವರು ಒಮ್ಮತಕ್ಕೆ ಬರುವ ವಿಷಯಗಳು ಅಪರೂಪ. ಈ ವಾದದಲ್ಲಿ ನಮಗೆ ಹೆಚ್ಚು ಹುರುಳು ಕಾಣಲಿಲ್ಲ. ವಿಜಯಪುರ, ಶಿಡ್ಲಘಟ್ಟದ ಕಡೆ ರೇಷ್ಮೆಗಾಗಿ ಹಿಪ್ಪುನೇರಳೆಯನ್ನು ವರ್ಷಕ್ಕೆ ಹಲವು ಸಲ ಬುಡದವರೆಗೆ ಕತ್ತರಿಸುತ್ತಾರೆ. ಬಿಟ್ಟರೆ ಅದು ಮರವಾಗುವ ಜಾತಿ. ದೊಡ್ಡಬಳ್ಳಾಪುರದ ದ್ರಾಕ್ಷಿಯನ್ನು ಕತ್ತರಿಸದೆ ಹಣ್ಣು ತೆಗೆಯಲಾಗದು. ಕತ್ತರಿ ಹಿಂಸೆಯಲ್ಲ, ಕತ್ತರಿಸಿದ ಮೇಲೆ ನೋಡಿಕೊಳ್ಳದಿರುವುದು ಹಿಂಸೆ. ಹಿರೋಷಿಮಾದ ಯಾಮಾಕಿ ಕುಟುಂಬದ ಬಿಳಿ ಪೈನ್ 1625ರಿಂದ ಕುಂಡದಲ್ಲಿದೆ. ಬಾಂಬು ಬಿದ್ದ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ 1945ರ ಆಗಸ್ಟ್ 6ರಂದು ತೋಟದ ಗೋಡೆಯ ಮರೆಯಲ್ಲಿ ಉಳಿಯಿತು. ಬಾಂಬು ಹಾಕಿದ ಅದೇ ಅಮೆರಿಕಕ್ಕೆ 1976ರಲ್ಲಿ ಆ ಮನೆತನ ಅದನ್ನು ಉಡುಗೊರೆ ಕೊಟ್ಟಿತು. ಮರ ಬಾಂಬನ್ನು ಕಂಡದ್ದೆಂಬ ವಿಷಯ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ನೋಡಲು ಬಂದಾಗ. ಅಷ್ಟು ತಲೆಮಾರು ಒಂದು ಗಿಡಕ್ಕೆ ತಪ್ಪದೆ ನೀರು ಹಾಕಿದ್ದನ್ನು ಹಿಂಸೆ ಎನ್ನಲು ನಮ್ಮ ಬಾಯಿ ಬರುವುದಿಲ್ಲ.

ನಮ್ಮ ಪಾಲಿನ ಎರಡನೆಯ ಗಿಡ ಬದುಕಿತು. ಸೊಸೆಯ ಕೈಯಿಂದ ಸಾಸಿವೆ ಡಬ್ಬಿಯ ಮುಚ್ಚಳ ತೆಗೆಸುವಷ್ಟೂ ಶಕ್ತಿ ಇಲ್ಲದ ನಾವು ಸ್ಕ್ರೂಡ್ರೈವರ್ ಹಾಕಿ ಕಲ್ಲಿನ ಪದರ ಕಿತ್ತೆವು. ನಾರಿನ ಪುಡಿ ತೊಳೆದು, ಇಟ್ಟಿಗೆ ಚೂರು, ಕೆಮ್ಮಣ್ಣು, ಗೊಬ್ಬರ ಬೆರೆಸಿ ಮಣ್ಣಿನ ಅಗಲ ಕುಂಡಕ್ಕೆ ಇಳಿಸಿದೆವು. ಕಸಿಯ ಕುಡಿಗಳಲ್ಲಿ ಒಂದನ್ನು ಬಿಟ್ಟು ಉಳಿದದ್ದು ಕತ್ತರಿಸಿದಾಗ ಬಿಳಿ ಹಾಲು ಸುರಿಯಿತು, ಮನೆಯವರು ಮುಖ ತಿರುಗಿಸಿಕೊಂಡರು. ಆಮೇಲಿನ ನಾಲ್ಕು ಮುಂಗಾರುಗಳಲ್ಲಿ ಒಂದು ಕೊಂಬೆ ಎರಡಾಯಿತು, ಎರಡು ಐದಾಯಿತು. ಕಳೆದ ವರ್ಷ ಕೊಂಬೆಯಿಂದ ಒಂದು ಬಿಳಲು ಇಳಿಯಿತು. ಗುಡಾಣದ ಹೊಟ್ಟೆ ಹಾಗೆಯೇ ಇದೆ, ಅದು ಹೋಗುವುದಿಲ್ಲ. ಆದರೆ ಎಡಗಡೆಯಿಂದ, ಸ್ವಲ್ಪ ತಗ್ಗಿ ನೋಡಿದರೆ, ಯಾವುದೋ ಕೆರೆಯ ಏರಿಯ ಮೇಲಿನ ಆಲದ ಛಾಯೆ ಒಂದು ಕ್ಷಣ ಬಂದು ಹೋಗುತ್ತದೆ. ಸ್ನೇಹಿತರನ್ನು ಕರೆದು ತೋರಿಸಿದೆವು. ಬಹಳ ಹೊತ್ತು ನೋಡಿದರು. ಮೂಲಂಗಿ ಎನ್ನಲಿಲ್ಲ. ‘ಅಭೀ ನಹೀಂ’ ಎಂದರು. ಇನ್ನೂ ಆಗಿಲ್ಲ.

ಈ ಲೇಖನ ಬರೆಯುವ ಮುನ್ನ ಮತ್ತೊಮ್ಮೆ ರಾಜಾನುಕುಂಟೆಯ ಆ ನರ್ಸರಿಗೆ ಹೋಗಿದ್ದೆವು. ಹಲಗೆಗಳ ಮೇಲೆ ಹೊಸ ಸಾಲು, ಅದೇ ಸೊಂಟ, ಅದೇ ಟೋಪಿ. ಚೀಟಿಯಲ್ಲಿ ಈಗ ಹದಿನೈದು ವರ್ಷ. ಅಲ್ಲಿ ಕುಡಿ ಕತ್ತರಿಸುತ್ತಿದ್ದ ಹುಡುಗ ಗೋದಾವರಿ ತೀರದ ಕಡಿಯಂ ಕಡೆಯವನು. ಆಂಧ್ರದ ಆ ಊರಿನ ನರ್ಸರಿಗಳಿಂದ ಲಾರಿಗಟ್ಟಲೆ ಗಿಡ ಇಲ್ಲಿಗೆ ಬರುತ್ತವೆ. ಅವುಗಳ ಹಿಂದೆಯೇ ಕೈಗಳೂ ಬರುತ್ತವೆ. ಒಂದು ಗಂಟೆಯಲ್ಲಿ ಎಷ್ಟು ಗಿಡ ಮುಗಿಸುತ್ತೀಯಪ್ಪ ಎಂದು ಕೇಳಿದೆವು. ಎಣಿಸಲ್ಲ ಸಾರ್, ಓನರ್ ಎಣಿಸ್ತಾರೆ ಎಂದ. ಇದು ಬೋನ್ಸಾಯಾ ಎಂದು ಕೇಳಿದೆವು. ಕತ್ತರಿ ನಿಲ್ಲಿಸಿ ನಮ್ಮ ಮುಖ ನೋಡಿದ. ಗಲ್ಲಾದ ಕಡೆಗೊಮ್ಮೆ ನೋಡಿದ. ಬನ್ನಿ ಸಾರ್ ಎಂದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ.

ನೀರಿನ ಸಿಂಟೆಕ್ಸ್ ಪಕ್ಕ, ಅರ್ಧಕ್ಕೆ ಕತ್ತರಿಸಿದ ಪೇಂಟ್ ಡಬ್ಬಿಯಲ್ಲಿ ಒಂದು ಅರಳಿ. ಎರಡು ಗೇಣಿದ್ದೀತು. ಹಳೆಯ ಗೋಡೆ ಒಡೆಯುವಾಗ ಸಂದಿಯಲ್ಲಿ ಸಿಕ್ಕಿದ್ದಂತೆ. ಇಟ್ಟಿಗೆಯ ನಡುವೆ ನುಸುಳಿ ಬೆಳೆದ ಬೇರುಗಳು ಚಪ್ಪಟೆಯಾಗಿ, ಇಟ್ಟಿಗೆಯ ಮೂಲೆಯ ಗುರುತನ್ನೇ ಹೊತ್ತುಕೊಂಡಿದ್ದವು. ಆರು ವರ್ಷದಿಂದ ಸಾಕುತ್ತಿದ್ದಾನೆ. ನರ್ಸರಿಯಲ್ಲಿ ಉಳಿದ ತಂತಿಯ ತುಂಡುಗಳನ್ನೇ ಒಂದಕ್ಕೊಂದು ಹೊಸೆದು ಸುತ್ತಿದ್ದ. ಮರ ಪೂರ್ತಿ ಒಪ್ಪುವಂತಿರಲಿಲ್ಲ. ಬಲಗಡೆಯ ಕೊಂಬೆ ಹೆಚ್ಚು ದಪ್ಪವಾಗಿ ಕಣ್ಣನ್ನು ಅತ್ತ ಎಳೆಯುತ್ತಿತ್ತು. ಅರಳಿಯ ಎಲೆ ಆ ಗಾತ್ರಕ್ಕೆ ಇನ್ನೂ ದೊಡ್ಡದು. ಕೊಂಬೆಯ ಮಾತು ಹೇಳಿದಾಗ ಅವನಿಗೆ ಬೇಸರವಾಗಲಿಲ್ಲ. ಗೊತ್ತು ಸಾರ್, ಬರೋ ಮಳೆಗೆ ತೆಗೀತೀನಿ, ಈಗ ತೆಗೆದರೆ ಗಾಯ ಮುಚ್ಚಲ್ಲ ಎಂದ. ಡಬ್ಬಿಗೆ ಚೀಟಿ ಇರಲಿಲ್ಲ. ಬೆಲೆ ಕೇಳಿದೆವು. ನಕ್ಕು ತಲೆಯಾಡಿಸಿದ. ಆಮೇಲೆ, ನೀವು ಸಿಟಿ ಕಡೆ ಹೋಗ್ತೀರಲ್ಲ, ಶಿವಾಜಿನಗರದಲ್ಲಿ ಸಣ್ಣ ಅಲ್ಯೂಮಿನಿಯಂ ತಂತಿ ಸಿಕ್ಕರೆ ಕಾಲು ಕೆಜಿ ತನ್ನಿ ಸಾರ್ ಎಂದ.

ಮುಂದಿನ ವಾರ ತಂದುಕೊಟ್ಟೆವು. ಬೇಡವೆಂದರೂ ಕೇಳದೆ ದುಡ್ಡು ಎಣಿಸಿ ಕೊಟ್ಟ.